ಕಾಡು ನಿಂತಿದೆ, ಗೂಡು ಖಾಲಿ

ಕಾಂಗೊ ಗಣರಾಜ್ಯದ ವಾಯವ್ಯ ಭಾಗದಲ್ಲಿ, ಒಡ್ಜಾಲಾ ರಾಷ್ಟ್ರೀಯ ಉದ್ಯಾನಕ್ಕೆ ಸಮೀಪದಲ್ಲಿ, ಲೊಸಿ ಎಂಬ ಅಭಯಾರಣ್ಯವಿದೆ. ಸ್ಪೇನಿನ ಸಂಶೋಧಕಿ ಮಗ್ದಲೆನಾ ಬೆರ್ಮೆಹೊ ಮತ್ತು ಅವರ ಸಂಗಡಿಗರು ಅಲ್ಲಿನ ಗೊರಿಲ್ಲಾಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮುಖ ನೋಡಿದೊಡನೆ ಇದು ಇಂಥದ್ದೇ ಎಂದು ಗುರುತಿಸುವಷ್ಟು ಪರಿಚಯ ಮಾಡಿಕೊಂಡಿದ್ದರು. 2002ರ ಅಕ್ಟೋಬರ್‌ನಿಂದ ನಾಲ್ಕೇ ತಿಂಗಳಲ್ಲಿ, ಹೀಗೆ ಪರಿಚಿತವಾಗಿದ್ದ 143 ಗೊರಿಲ್ಲಾಗಳಲ್ಲಿ 130 ಇಲ್ಲವಾದವು. ಮರುವರ್ಷ ಅದೇ ಹಂಗಾಮಿನಲ್ಲಿ ಬೇರೆ ಗುಂಪುಗಳ 95ರಲ್ಲಿ 91 ಹೋದವು. ಸುತ್ತಲಿನ ಸುಮಾರು 2,700 ಚದರ ಕಿಲೋಮೀಟರ್ ಕಾಡಿನಲ್ಲಿ ಸತ್ತವು 5,000ದಷ್ಟು ಇರಬಹುದು ಎಂಬುದು ಅವರ ಅಂದಾಜು. ಕೊಂದದ್ದು ಎಬೋಲಾ. ಗೊರಿಲ್ಲಾಗಳು ಸತ್ತ ಆ ತಿಂಗಳುಗಳಲ್ಲಿ ಅಲ್ಲಿ ಕಾಡು ಕಡಿದವರು ಯಾರೂ ಇರಲಿಲ್ಲ. ಉಪಗ್ರಹದಿಂದ ನೋಡಿದವರಿಗೆ ಅದು ಮೊದಲಿನಷ್ಟೇ ದಟ್ಟವಾದ, ಅಖಂಡವಾದ ಹಸಿರು.

ಅಲ್ಲಿಂದ ಪೂರ್ವಕ್ಕೆ, ಖಂಡದ ನಟ್ಟನಡುವೆ, ರುವಾಂಡಾ, ಉಗಾಂಡಾ ಮತ್ತು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಸೇರುವ ಕಡೆ ವಿರುಂಗಾ ಜ್ವಾಲಾಮುಖಿ ಬೆಟ್ಟಗಳಿವೆ. ಗೊರಿಲ್ಲಾಗಳಿಗೆ ಅಲ್ಲಿ ಉಳಿದಿರುವುದು ಸುಮಾರು 450 ಚದರ ಕಿಲೋಮೀಟರ್ ಕಾಡು. ಅದರ ಅಂಚಿಗೇ ಆಲೂಗಡ್ಡೆ, ಹುರುಳಿಕಾಯಿ ಹೊಲಗಳು ಬಂದು ತಗಲುತ್ತವೆ. ಆಫ್ರಿಕಾದಲ್ಲೇ ಅತ್ಯಂತ ಒತ್ತಾಗಿ ಜನ ಬಾಳುವ ಹಳ್ಳಿಗಾಡು ಅದು. ಮೂರು ದಶಕಗಳಲ್ಲಿ ಯುದ್ಧ, ನರಮೇಧ, ನಿರಾಶ್ರಿತರ ಮಹಾಪ್ರವಾಹ ಎಲ್ಲವನ್ನೂ ಕಂಡ ನೆಲ. ಆದರೂ 1981ರಲ್ಲಿ 254ಕ್ಕೆ ಇಳಿದಿದ್ದ ಅಲ್ಲಿನ ಪರ್ವತ ಗೊರಿಲ್ಲಾಗಳು 2015–16ರ ಗಣತಿಯಲ್ಲಿ 604 ಆಗಿದ್ದವು. ಉಗಾಂಡಾದ ಬ್ವಿಂಡಿ ಕಾಡಿನ 459ನ್ನೂ ಕೂಡಿಸಿದರೆ ಒಟ್ಟು 1,063.

ಜನ ವಿರಳವಾಗಿದ್ದ ಮಹಾಕಾಡಿನಲ್ಲಿ ಗೊರಿಲ್ಲಾ ಅಳಿಯಿತು, ಜನ ಕಿಕ್ಕಿರಿದ ಬೆಟ್ಟದ ತುಂಡಿನಲ್ಲಿ ಬೆಳೆಯಿತು. ಕಾಡು ಉಳಿಸಿದರೆ ಪ್ರಾಣಿ ತಾನಾಗಿ ಉಳಿಯುತ್ತದೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ಎಂಬ ಬಾಲವಿಲ್ಲದ ಮಹಾವಾನರಗಳ ಮಟ್ಟಿಗೆ ಆ ನಂಬಿಕೆ ಅರ್ಧದಷ್ಟು ಮಾತ್ರ ನಿಜ ಎಂಬುದು ನನ್ನ ವಾದ. ಕಾಡು ಬೇಕೇ ಬೇಕು. ಆದರೆ ಅವುಗಳ ಸಂಖ್ಯೆಯನ್ನು ತೀರ್ಮಾನಿಸುವುದು ಕಾಡಿನ ವಿಸ್ತೀರ್ಣಕ್ಕಿಂತ ಹೆಚ್ಚಾಗಿ, ಆ ಕಾಡಿನೊಳಗೆ ವರ್ಷಕ್ಕೆ ಎಷ್ಟು ಅಕಾಲಿಕ ಸಾವುಗಳು ಸಂಭವಿಸುತ್ತವೆ ಮತ್ತು ಅವನ್ನು ತಡೆಯಲು ಯಾರಾದರೂ ಅಲ್ಲಿ ನಿಂತಿದ್ದಾರೆಯೇ ಎಂಬುದು.

ಹೆರಿಗೆಯ ಲೆಕ್ಕ

ಕಾಡುಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಬೇಟೆಯಲ್ಲಿ ಅರ್ಧ ಹೋದರೂ ಎರಡು ಮಳೆಗಾಲ ಕಳೆಯುವುದರೊಳಗೆ ಸಂಖ್ಯೆ ಮತ್ತೆ ತುಂಬಿಕೊಳ್ಳುತ್ತದೆ. ಮಹಾವಾನರಗಳ ದಾರಿ ಬೇರೆ. ಪರ್ವತ ಗೊರಿಲ್ಲಾ ಮೊದಲ ಬಾರಿ ತಾಯಿಯಾಗುವುದು ಹತ್ತು ವರ್ಷದ ಆಸುಪಾಸಿನಲ್ಲಿ. ಆಮೇಲೆ ಸುಮಾರು ನಾಲ್ಕು ವರ್ಷಕ್ಕೊಂದು ಮರಿ. ಚಿಂಪಾಂಜಿಗೆ ಐದಾರು ವರ್ಷಕ್ಕೊಂದು. ಒರಾಂಗುಟಾನ್ ತಾಯಿ ಒಂದು ಮರಿಯಿಂದ ಇನ್ನೊಂದು ಮರಿಯವರೆಗೆ ಏಳೆಂಟು ವರ್ಷ ತೆಗೆದುಕೊಳ್ಳುತ್ತಾಳೆ. ಅಷ್ಟು ಕಾಲ ಮರಿ ತಾಯಿಯ ಜೊತೆಗೇ ಇದ್ದು ಯಾವ ಹಣ್ಣು ಯಾವಾಗ ಮಾಗುತ್ತದೆ, ಗೂಡು ಹೇಗೆ ಕಟ್ಟಬೇಕು ಎಂಬುದನ್ನೆಲ್ಲ ಕಲಿಯುತ್ತದೆ.

ಉದಾಹರಣೆಗೆ ನೂರು ಗೊರಿಲ್ಲಾಗಳಿರುವ ಒಂದು ಕಾಡನ್ನು ಊಹಿಸಿಕೊಳ್ಳಿ. ಹೆರುವ ವಯಸ್ಸಿನ ಹೆಣ್ಣುಗಳು ಇಪ್ಪತ್ತೆಂಟು ಇವೆ ಎನ್ನಿ. ನಾಲ್ಕು ವರ್ಷಕ್ಕೊಂದು ಮರಿ ಎಂದರೆ ವರ್ಷಕ್ಕೆ ಏಳು ಹೆರಿಗೆ. ಅದರಲ್ಲಿ ಒಂದೆರಡು ಹಸುಗೂಸುಗಳು ಬದುಕುವುದಿಲ್ಲ. ಮುಪ್ಪಿನಿಂದ, ಕಾಯಿಲೆಯಿಂದ, ಕಾದಾಟದಿಂದ ಸಾಯುವ ದೊಡ್ಡವನ್ನೂ ಕಳೆದರೆ, ಎಲ್ಲವೂ ಸರಿಯಿದ್ದ ವರ್ಷದಲ್ಲಿ ಉಳಿಯುವ ಹೆಚ್ಚಳ ಎರಡೋ ಮೂರೋ. ಇಡೀ ವಂಶದ ಭವಿಷ್ಯ ಆ ಎರಡು ಮೂರರ ಮೇಲೆ ನಿಂತಿದೆ. ಬೇಟೆಗಾರ ವರ್ಷಕ್ಕೆ ನಾಲ್ಕನ್ನು ಹೊಡೆದರೆ ಸಾಕು, ಹೆಚ್ಚಳ ಕುಸಿತವಾಗುತ್ತದೆ. ಆ ಕುಸಿತ ಹೊರಗಿನವರ ಕಣ್ಣಿಗೆ ಬೀಳುವುದೂ ಇಲ್ಲ, ಏಕೆಂದರೆ ಕಾಡಿನಲ್ಲಿ ಇನ್ನೂ ತೊಂಬತ್ತಕ್ಕೂ ಹೆಚ್ಚು ಗೊರಿಲ್ಲಾಗಳಿರುತ್ತವೆ.

ಎಣಿಸುವುದೇ ಕಷ್ಟದ ಕೆಲಸ. ದಟ್ಟ ಕಾಡಿನಲ್ಲಿ ವಾನರ ಎದುರಾಗುವುದು ಅಪರೂಪ. ಆದರೆ ಅವು ರಾತ್ರಿ ಮಲಗಲು ದಿನವೂ ಹೊಸ ಗೂಡು ಕಟ್ಟಿಕೊಳ್ಳುತ್ತವೆ, ಕೊಂಬೆ ಬಾಗಿಸಿ ಎಲೆ ಹಾಸಿದ ಹಾಸಿಗೆ. ಗಣತಿಯವರು ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆಯುತ್ತಾ ಗೂಡುಗಳನ್ನು ಎಣಿಸುತ್ತಾರೆ. ಒಂದು ಗೂಡು ಎಷ್ಟು ದಿನಕ್ಕೆ ಕೊಳೆತು ಉದುರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಗೂಡಿನಿಂದ ತಲೆಯ ಎಣಿಕೆಗೆ ಬರುತ್ತಾರೆ. ಮಳೆ ಜೋರಾಗಿದ್ದ ವರ್ಷ ಗೂಡುಗಳು ಬೇಗ ಉದುರುತ್ತವೆ, ಮಳೆ ಕಡಿಮೆಯಾದ ವರ್ಷ ಹೆಚ್ಚು ದಿನ ನಿಲ್ಲುತ್ತವೆ. ಹೀಗಾಗಿ ಹವಾಮಾನ ಪ್ರಾಣಿಯ ಬದುಕಿನಲ್ಲಷ್ಟೇ ಅಲ್ಲದೆ ನಮ್ಮ ಎಣಿಕೆಯಲ್ಲೂ ಕೈಯಾಡಿಸುತ್ತದೆ. ವಿರುಂಗಾ ಮತ್ತು ಬ್ವಿಂಡಿಯಂಥ ಸಣ್ಣ ಕಾಡುಗಳಲ್ಲಿ ಲದ್ದಿಯಿಂದ ಡಿಎನ್‌ಎ ತೆಗೆದು ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾರೆ.

ಪಶ್ಚಿಮ ಮಧ್ಯ ಆಫ್ರಿಕಾದ ಐದು ದೇಶಗಳಲ್ಲಿ ಹೀಗೆ 2003ರಿಂದ 2013ರವರೆಗೆ ಕಲೆಹಾಕಿದ ಗೂಡುಗಳ ಲೆಕ್ಕ 2018ರಲ್ಲಿ ಪ್ರಕಟವಾಯಿತು. ಪಶ್ಚಿಮ ತಗ್ಗುನಾಡಿನ ಗೊರಿಲ್ಲಾಗಳು ಸುಮಾರು 3,61,900 ಎಂದು ತಿಳಿದುಬಂತು, ಮೊದಲು ತಿಳಿದಿದ್ದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು. ಸಂತೋಷದ ಸುದ್ದಿಯೇ. ಆದರೆ ಅದೇ ಅಧ್ಯಯನ, ಅವು ವರ್ಷಕ್ಕೆ ಶೇ 2.7ರಂತೆ ಕಡಿಮೆಯಾಗುತ್ತಿವೆ ಎಂದೂ ಹೇಳಿತು. ನೂರಕ್ಕೆ ಎಂಬತ್ತು ಗೊರಿಲ್ಲಾಗಳು ಯಾವುದೇ ರಾಷ್ಟ್ರೀಯ ಉದ್ಯಾನದ ಒಳಗಿಲ್ಲ, ಮರ ಕಡಿಯಲು ಗುತ್ತಿಗೆಗೆ ಕೊಟ್ಟ ಕಾಡು ಮುಂತಾದ ಕಡೆ ಬದುಕುತ್ತಿವೆ. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ತೀರ್ಮಾನಿಸುತ್ತಿದ್ದವು ಮುಖ್ಯವಾಗಿ ಮೂರು: ಕಾವಲುಗಾರರು ಇದ್ದಾರೆಯೇ, ಎಬೋಲಾ ಬಂದು ಹೋಗಿದೆಯೇ, ಕಾಡು ಅಖಂಡವಾಗಿದೆಯೇ. ಕಾಡು ಆ ಮೂರರಲ್ಲಿ ಒಂದು ಮಾತ್ರ.

ರಸ್ತೆ, ಉರುಳು, ವೈರಾಣು

ಮಧ್ಯ ಆಫ್ರಿಕಾದಲ್ಲಿ ಮರದ ಕಂಪನಿಗಳು ಬಹಳ ಕಡೆ ಕಾಡನ್ನು ಬುಡಸಮೇತ ಬೋಳಿಸುವುದಿಲ್ಲ. ಬೆಲೆಬಾಳುವ ಕೆಲವು ಜಾತಿಯ ಮರಗಳನ್ನು ಆರಿಸಿ ಉರುಳಿಸುತ್ತವೆ. ಅಷ್ಟರಿಂದಲೇ ಗೊರಿಲ್ಲಾಕ್ಕೆ ದೊಡ್ಡ ಕೇಡಾಗುವುದಿಲ್ಲ. ಬಿಸಿಲು ಬಿದ್ದ ಕಡೆ ಎಳೆಯ ಸಸ್ಯಗಳು ಚಿಗುರಿ ಅದಕ್ಕೆ ಮೇವೂ ಸಿಗುತ್ತದೆ. ಕೇಡು ಬರುವುದು ಮರದ ದಿಮ್ಮಿ ಸಾಗಿಸಲು ಮಾಡಿದ ರಸ್ತೆಯ ಮೂಲಕ. ಮೊದಲು ವಾರಗಟ್ಟಲೆ ನಡೆದು ಹೋಗಬೇಕಿದ್ದ ಜಾಗಕ್ಕೆ ಬಂದೂಕು ಹಿಡಿದವನು ಲಾರಿಯಲ್ಲಿ ಹೋಗುತ್ತಾನೆ, ಹೊಗೆಯಲ್ಲಿ ಒಣಗಿಸಿದ ಮಾಂಸವನ್ನು ಅದೇ ಲಾರಿಯಲ್ಲಿ ಪಟ್ಟಣಕ್ಕೆ ಸಾಗಿಸುತ್ತಾನೆ. ಚಿಂಪಾಂಜಿಗಾಗಿಯೇ ಬೇಟೆಗೆ ಹೋಗದವರೂ ಅದನ್ನು ಕೊಲ್ಲುತ್ತಾರೆ. ಸಣ್ಣ ಜಿಂಕೆಗೆಂದು ಇಟ್ಟ ತಂತಿಯ ಉರುಳಿನಲ್ಲಿ ಚಿಂಪಾಂಜಿಯ ಕೈ ಸಿಕ್ಕಿಕೊಳ್ಳುತ್ತದೆ. ನಮ್ಮ ತೋಟಗಳ ಬೇಲಿಯಂಚಿನಲ್ಲಿ ಹಂದಿಗೆ ಇಟ್ಟ ಉರುಳಿಗೆ ಚಿರತೆ ಬೀಳುವಂತೆಯೇ ಇದು. ಉಗಾಂಡಾದ ಬುಡೊಂಗೊ ಕಾಡಿನಲ್ಲಿ ಬೆರಳಿಲ್ಲದ, ಮುಂಗೈ ಸೊಟ್ಟಗಾದ ಚಿಂಪಾಂಜಿಗಳು ಸಾಮಾನ್ಯ ದೃಶ್ಯ.

ಇನ್ನು ಎಬೋಲಾ. ಲೊಸಿಯ ಗೊರಿಲ್ಲಾಗಳನ್ನು ಕೊಂದ ಅದೇ ರೋಗ, 2003ರ ಆರಂಭದಲ್ಲಿ ಹತ್ತಿರದ ಎಂಬೊಮೊ ಮತ್ತು ಕೆಲ್ಲೆ ಪ್ರದೇಶಗಳ 143 ಜನರನ್ನು ತಗಲಿ 128 ಮಂದಿಯನ್ನು ಬಲಿ ತೆಗೆದುಕೊಂಡಿತು. ಕಾಡಿನಲ್ಲಿ ಸತ್ತು ಬಿದ್ದ ಪ್ರಾಣಿಯನ್ನು ಬೇಟೆಗಾರರು ಮುಟ್ಟಿದ್ದರಿಂದ ಅದು ಊರಿಗೆ ಬಂತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗಿನಿಂದ, ಸತ್ತ ಮಂಗ ಎಂದರೆ ಊರಿಗೆ ಬರಲಿರುವ ಜ್ವರದ ಮುನ್ಸೂಚನೆ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಎರಡು ರೋಗಗಳ ದಾರಿ ಬೇರೆ ಬೇರೆ. ನಮ್ಮಲ್ಲಿ ಉಣ್ಣೆ ಕಚ್ಚಬೇಕು, ಅಲ್ಲಿ ದೇಹದ ದ್ರವ ತಗಲಬೇಕು. ಆದರೆ ಕಾಡಿನ ಪ್ರಾಣಿಯ ಆರೋಗ್ಯ ಮತ್ತು ಊರಿನ ಆರೋಗ್ಯ ಒಂದೇ ಎಂಬ ಪಾಠವನ್ನು ಎರಡೂ ಕಡೆಯವರು ಹೆಣ ಎಣಿಸಿಯೇ ಕಲಿತದ್ದು.

ಎಬೋಲಾವನ್ನು ಪ್ರಕೃತಿಯ ಖಾತೆಗೆ ಬರೆಯುವುದೇ, ಮನುಷ್ಯನ ಖಾತೆಗೆ ಬರೆಯುವುದೇ? ವೈರಾಣು ಕಾಡಿನದೇ, ಮನುಷ್ಯ ಅದನ್ನು ತಂದು ಬಿಟ್ಟಿದ್ದಲ್ಲ. ಆದರೆ ಲಕ್ಷಾಂತರ ಗೊರಿಲ್ಲಾಗಳು ಎಡೆಬಿಡದ ಕಾಡಿನಲ್ಲಿ ಹರಡಿಕೊಂಡಿದ್ದ ಕಾಲದಲ್ಲಿ ಒಂದು ಮೂಲೆಯ ಸಾವನ್ನು ಇನ್ನೊಂದು ಮೂಲೆ ತುಂಬಿಕೊಡಬಲ್ಲದಾಗಿತ್ತು. ಬೇಟೆಯಿಂದ ಸವೆದ, ರಸ್ತೆಗಳಿಂದ ತುಂಡಾದ ಸಂತತಿಗೆ ಆ ಶಕ್ತಿ ಇಲ್ಲ. ಮನುಷ್ಯ ಮೊದಲೇ ತೆಳ್ಳಗೆ ಮಾಡಿಟ್ಟ ಬಟ್ಟೆಯನ್ನು ವೈರಾಣು ಹರಿಯುತ್ತದೆ.

ಮನುಷ್ಯನದ್ದೇ ಎಂದು ನಿಸ್ಸಂದೇಹವಾಗಿ ಹೇಳಬಹುದಾದ ರೋಗಗಳೂ ಇವೆ. ಐವರಿ ಕೋಸ್ಟ್ ದೇಶದ ತಾಯಿ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ 1999, 2004 ಮತ್ತು 2006ರಲ್ಲಿ ಚಿಂಪಾಂಜಿಗಳು ಕೆಮ್ಮಿ ಕೆಮ್ಮಿ ಸತ್ತವು. ಅವುಗಳ ಶ್ವಾಸಕೋಶದಲ್ಲಿ ಸಿಕ್ಕಿದ್ದು ನಮ್ಮ ಮಕ್ಕಳಿಗೆ ಸಾಮಾನ್ಯ ನೆಗಡಿ ಕೆಮ್ಮು ತರುವ ವೈರಾಣುಗಳು. ಅವನ್ನು ತಂದವರು ಬಹುಪಾಲು ಅವುಗಳನ್ನು ಪ್ರೀತಿಸಿ ಅಧ್ಯಯನ ಮಾಡುತ್ತಿದ್ದವರೇ. ಆದರೆ ಅದೇ ಅಧ್ಯಯನಕಾರರು ಓಡಾಡುತ್ತಿದ್ದ ಸುತ್ತಮುತ್ತ ಕಳ್ಳಬೇಟೆ ಕಡಿಮೆಯಿತ್ತು, ಹಾಗಾಗಿ ಚಿಂಪಾಂಜಿಗಳು ಅಲ್ಲೇ ಹೆಚ್ಚು ಉಳಿದಿದ್ದವು. ಈ ಇಕ್ಕಟ್ಟು ನನ್ನನ್ನು ಬಹಳ ಕಾಡಿದೆ. ಹತ್ತಿರ ಹೋದರೆ ಉಸಿರಿನಿಂದ ಕೊಲ್ಲಬಹುದು, ದೂರ ನಿಂತರೆ ಬಂದೂಕಿನವನಿಗೆ ಬಿಟ್ಟುಕೊಟ್ಟಂತೆ. ಈಗ ಅಲ್ಲಿಗೆ ಹೋಗುವ ಸಂಶೋಧಕರು ಮೊದಲು ಕೆಲವು ದಿನ ಪ್ರತ್ಯೇಕವಾಗಿದ್ದು, ಮುಖಗವಸು ಹಾಕಿಕೊಂಡು, ದೂರ ಕಾಯ್ದುಕೊಂಡೇ ಕೆಲಸ ಮಾಡುತ್ತಾರೆ.

ಬೋರ್ನಿಯೊ ಮತ್ತು ನಮ್ಮ ಬಾಣಲೆ

ಒರಾಂಗುಟಾನ್ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ತಾಳೆ ತೋಟಕ್ಕಾಗಿ ನೆಲಸಮವಾದ ಕಾಡು. ಆ ಚಿತ್ರ ಸುಳ್ಳಲ್ಲ. ಆದರೆ 1999ರಿಂದ 2015ರವರೆಗಿನ ಗೂಡಿನ ಗಣತಿಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸಂಗತಿಯನ್ನು ಹೇಳಿತು. ಆ ಹದಿನಾರು ವರ್ಷಗಳಲ್ಲಿ ಬೋರ್ನಿಯೊ ಕಳೆದುಕೊಂಡ ಒರಾಂಗುಟಾನ್‌ಗಳು ಸುಮಾರು 1,48,500. ಕಾಡು ಕಡಿದ ಕಡೆ ಅವು ಅತಿ ವೇಗವಾಗಿ ಅಳಿದವು, ನಿಜ. ಆದರೆ ತಲೆ ಎಣಿಸಿದರೆ ಹೆಚ್ಚಿನವು ಇಲ್ಲವಾದದ್ದು ಕಾಡು ಇನ್ನೂ ನಿಂತಿದ್ದ ಜಾಗಗಳಲ್ಲಿ. ಅಲ್ಲಿ ಅವನ್ನು ಕೊಲ್ಲಲಾಗಿತ್ತು: ಮಾಂಸಕ್ಕಾಗಿ, ಮರಿ ಹಿಡಿದು ಮಾರುವುದಕ್ಕಾಗಿ, ಹಸಿದು ತೋಟಕ್ಕೆ ಬಂದು ಎಳೆಯ ತಾಳೆಯ ಸುಳಿ ಕಿತ್ತು ತಿಂದ ತಪ್ಪಿಗಾಗಿ.

ಈ ಕಥೆಯಲ್ಲಿ ನಾವೂ ಇದ್ದೇವೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ, ಅದರ ಬಹುಪಾಲು ಬರುವುದು ಇಂಡೊನೇಷ್ಯಾ ಮತ್ತು ಮಲೇಷ್ಯಾದಿಂದ. ಬೇಕರಿಯ ಬಿಸ್ಕತ್ತು, ಸಂತೆಯ ಬೋಂಡಾ, ಅಂಗಡಿಯ ಸಾಬೂನು ಎಲ್ಲದರಲ್ಲೂ ಅದು ಇದೆ. ಪಾಮೋಲಿನ್ ಕೊಳ್ಳಬೇಡಿ ಎಂದು ಬಡವರ ಅಡುಗೆಮನೆಗೆ ಉಪದೇಶ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ಹೆಕ್ಟೇರಿಗೆ ತಾಳೆ ಕೊಡುವಷ್ಟು ಎಣ್ಣೆಯನ್ನು ಬೇರೆ ಯಾವ ಬೆಳೆಯೂ ಕೊಡುವುದಿಲ್ಲ. ಅದನ್ನು ಬಿಟ್ಟು ಸೋಯಾ ಹಿಡಿದರೆ ಇನ್ನಷ್ಟು ನೆಲ ಬೇಕಾಗುತ್ತದೆ. ಕೇಳಬೇಕಾದ್ದು ದೊಡ್ಡ ಆಮದುದಾರರನ್ನು: ನೀವು ತರಿಸುವ ಎಣ್ಣೆ ಯಾವ ತೋಟದ್ದು, ಆ ತೋಟ ಯಾವ ವರ್ಷ ಕಾಡಾಗಿತ್ತು, ತೋಟದ ಅಂಚಿಗೆ ಬಂದ ಒರಾಂಗುಟಾನ್ ಗತಿ ಏನಾಯಿತು? ಯುರೋಪಿನ ಕೊಳ್ಳುಗರು ಇಂಥ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅವರಿಗಿಂತ ಹೆಚ್ಚು ಎಣ್ಣೆ ಕೊಳ್ಳುವ ನಾವು ಕೇಳಿದರೆ ಆ ಮಾತಿಗೆ ಹೆಚ್ಚು ತೂಕವಿರುತ್ತದೆ.

ವಿರುಂಗಾದಲ್ಲಿ ಆದದ್ದೇನು

ಮತ್ತೆ ಆ ಜ್ವಾಲಾಮುಖಿ ಬೆಟ್ಟಗಳಿಗೆ ಬರುತ್ತೇನೆ, ಏಕೆಂದರೆ ಮಹಾವಾನರಗಳ ಲೋಕದಲ್ಲಿ ಸಂಖ್ಯೆ ಏರಿದೆ ಎಂದು ಖಚಿತವಾಗಿ ಹೇಳಬಹುದಾದ ಉದಾಹರಣೆ ಅಲ್ಲಿಯದು.

1960ರ ಹೊತ್ತಿಗೆ ಜಾರ್ಜ್ ಷಾಲರ್ ಅಲ್ಲಿ ಸುಮಾರು 450 ಗೊರಿಲ್ಲಾಗಳಿವೆ ಎಂದು ಅಂದಾಜಿಸಿದ್ದರು. ಆ ದಶಕದ ಕೊನೆಯಲ್ಲಿ ರುವಾಂಡಾ ಸರ್ಕಾರ ಉದ್ಯಾನದ ಸುಮಾರು 10,000 ಹೆಕ್ಟೇರ್ ಕಾಡನ್ನು ಪೈರಿಥ್ರಮ್ ಎಂಬ ಹೂವಿನ ಬೇಸಾಯಕ್ಕೆ ಬಿಟ್ಟುಕೊಟ್ಟಿತು. ಕೀಟನಾಶಕ ತಯಾರಿಸುವ ಆ ಹೂವಿಗೆ ಯುರೋಪಿನಲ್ಲಿ ಬೇಡಿಕೆಯಿತ್ತು, ಯೋಜನೆಗೆ ಹಣವೂ ಅಲ್ಲಿಂದಲೇ ಬಂದಿತ್ತು. ಜೊತೆಗೆ ಬೇಟೆ, ಮೃಗಾಲಯಗಳಿಗೆ ಮರಿ ಹಿಡಿಯುವುದು, ಕಾಡಿನೊಳಗೆ ದನ ಮೇಯಿಸುವುದು. 1967ರಲ್ಲಿ ಕರಿಸೋಕೆ ಸಂಶೋಧನಾ ಕೇಂದ್ರ ಆರಂಭಿಸಿದ ಡಯಾನ್ ಫಾಸಿ ಈ ಕುಸಿತವನ್ನು ಕಣ್ಣಾರೆ ಕಂಡರು, ಬೇಟೆಗಾರರ ವಿರುದ್ಧ ಹಟಕ್ಕೆ ಬಿದ್ದು ಹೋರಾಡಿದರು. 1985ರ ಡಿಸೆಂಬರಿನಲ್ಲಿ ಅಲ್ಲೇ ಕೊಲೆಯಾದರು.

ಆಮೇಲೆ ನಡೆದದ್ದು ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಮಾಣದಲ್ಲಿ ನಡೆದಿಲ್ಲ. ಗೊರಿಲ್ಲಾ ಗುಂಪುಗಳನ್ನು ಮನುಷ್ಯರ ಇರುವಿಗೆ ನಿಧಾನವಾಗಿ ಒಗ್ಗಿಸಿ, ಪ್ರತಿ ಗುಂಪಿನ ಹಿಂದೆ ದಿನವೂ ಜಾಡು ಹಿಡಿಯುವವರು ನಡೆಯತೊಡಗಿದರು. 1986ರಿಂದ ಪಶುವೈದ್ಯರು ಜೊತೆಯಾದರು. ಉರುಳಿಗೆ ಸಿಕ್ಕ ಮರಿಗೆ ಕಾಡಿನಲ್ಲೇ ಅರಿವಳಿಕೆ ಕೊಟ್ಟು ತಂತಿ ಕತ್ತರಿಸಿ, ಗಾಯ ತೊಳೆದು, ತಾಯಿಯ ಬಳಿಗೆ ಬಿಡುತ್ತಾರೆ. 1967ರಿಂದ 2008ರವರೆಗಿನ ದಾಖಲೆಗಳನ್ನು ನೋಡಿದಾಗ ಹೀಗೆ ದಿನವೂ ಕಾವಲಿದ್ದ ಗುಂಪುಗಳು ವರ್ಷಕ್ಕೆ ಶೇ 4.1ರಂತೆ ಬೆಳೆದಿದ್ದವು. ಅದೇ ಬೆಟ್ಟದಲ್ಲಿ, ಅದೇ ಮಳೆ ಬಿಸಿಲಿನಲ್ಲಿ, ಅದೇ ಸೊಪ್ಪು ತಿಂದುಕೊಂಡು, ಆದರೆ ಇಷ್ಟು ಹತ್ತಿರದ ಕಾವಲಿಲ್ಲದೆ ಬದುಕಿದ ಗುಂಪುಗಳು ವರ್ಷಕ್ಕೆ ಶೇ 0.7ರಂತೆ ಇಳಿದಿದ್ದವು. ಈ ವ್ಯತ್ಯಾಸದಲ್ಲಿ ಶೇ 40ರವರೆಗಿನ ಪಾಲು ಪಶುವೈದ್ಯರದ್ದೇ ಇರಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದರು. ಮೇಲೆ ಹೇಳಿದ ಹೆರಿಗೆಯ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿದರೆ ಅರ್ಥ ಸ್ಪಷ್ಟವಾಗುತ್ತದೆ. ವರ್ಷಕ್ಕೆ ಬೆರಳೆಣಿಕೆಯ ಸಾವುಗಳನ್ನು ತಡೆದದ್ದೇ ಏರಿಕೆಗೂ ಇಳಿಕೆಗೂ ನಡುವಿನ ಅಂತರ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಕಾಂಗೊ ಕಡೆಯ ವಿರುಂಗಾ ಉದ್ಯಾನದಲ್ಲಿ ಕರ್ತವ್ಯದಲ್ಲಿದ್ದಾಗ ಜೀವ ಕಳೆದುಕೊಂಡ ಅರಣ್ಯ ರಕ್ಷಕರ ಸಂಖ್ಯೆ 200 ಮೀರಿದೆ. 2020ರ ಏಪ್ರಿಲ್‌ನಲ್ಲಿ ಒಂದೇ ದಾಳಿಯಲ್ಲಿ 12 ರಕ್ಷಕರು ಸತ್ತರು. 2007ರ ಜುಲೈನಲ್ಲಿ ಬೆಳ್ಳಿಬೆನ್ನಿನ (ಬೆನ್ನಿನ ಕೂದಲು ಬೆಳ್ಳಗಾದ, ಪ್ರಾಯದ ಗಂಡು) ಯಜಮಾನ ಗೊರಿಲ್ಲಾ ಸೆಂಕ್ವೆಕ್ವೆ ಮತ್ತು ಅದರ ಗುಂಪಿನ ಹೆಣ್ಣುಗಳನ್ನು ಗುಂಡಿಕ್ಕಿ ಕೊಂದರು. ಮಾಂಸಕ್ಕಾಗಿ ಕೊಂದಿರಲಿಲ್ಲ, ಹೆಣಗಳು ಹಾಗೇ ಬಿದ್ದಿದ್ದವು. ಕಾಡಿನ ಮರ ಸುಟ್ಟು ಇದ್ದಿಲು ಮಾರುವ ದಂಧೆಗೆ ರಕ್ಷಕರು ಅಡ್ಡಬಂದಿದ್ದರು, ಗೊರಿಲ್ಲಾಗಳ ಸಾವು ಅವರಿಗೆ ಕೊಟ್ಟ ಎಚ್ಚರಿಕೆಯಾಗಿತ್ತು. ಸುತ್ತಲಿನ ಲಕ್ಷಾಂತರ ಮನೆಗಳಲ್ಲಿ ಒಲೆ ಉರಿಯುವುದು ಆ ಇದ್ದಿಲಿನಿಂದಲೇ. ಅಡುಗೆಗೆ ಬೇರೆ ದಾರಿ ಕಾಣಿಸದೆ ಬಂದೂಕಿನ ಕಾವಲು ಮಾತ್ರ ಹೆಚ್ಚಿಸಿದರೆ ಆ ಗಾಯ ಮಾಯುವುದಿಲ್ಲ.

ಇನ್ನೊಂದು ಬೆಲೆ ತೆತ್ತವರು ಬತ್ವಾ ಜನ. ಬ್ವಿಂಡಿ ಮತ್ತು ಮ್ಗಹಿಂಗಾ ಕಾಡುಗಳು 1991ರಲ್ಲಿ ರಾಷ್ಟ್ರೀಯ ಉದ್ಯಾನಗಳಾದಾಗ, ತಲೆತಲಾಂತರದಿಂದ ಅಲ್ಲಿ ಬೇಟೆ, ಜೇನು, ಗೆಡ್ಡೆಗಳಿಂದ ಬದುಕುತ್ತಿದ್ದ ಅವರನ್ನು ಹೊರಹಾಕಲಾಯಿತು. ಭೂಮಿ ಇಲ್ಲ, ಪರಿಹಾರ ಇಲ್ಲ, ಊರಿನವರ ನಡುವೆ ಮರ್ಯಾದೆಯೂ ಇಲ್ಲ. 2021ರಲ್ಲಿ ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ನಾಗರಹೊಳೆಯ ಜೇನುಕುರುಬರ ಪಾಡನ್ನು ಬಲ್ಲ ಕನ್ನಡಿಗರಿಗೆ ಈ ನೋವು ಹೊಸದಲ್ಲ. ಗೊರಿಲ್ಲಾಗಳು ಹೆಚ್ಚಿದ್ದನ್ನು ಸಂಭ್ರಮಿಸುವಾಗ ಈ ಅನ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲ. ಅದನ್ನು ಮಾಡದೆಯೂ ಗೊರಿಲ್ಲಾಗಳನ್ನು ಉಳಿಸಬಹುದಿತ್ತು ಎಂದೇ ನಾನು ನಂಬುತ್ತೇನೆ, ಏಕೆಂದರೆ ಆ ಕಾಡಿನ ಜಾಡು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಹಣ ಎಲ್ಲಿಂದ ಬರುತ್ತದೆ? ರುವಾಂಡಾದಲ್ಲಿ ಗೊರಿಲ್ಲಾ ಗುಂಪಿನ ಬಳಿ ಒಂದು ಗಂಟೆ ಕಳೆಯಲು 2017ರಿಂದ ವಿದೇಶಿ ಪ್ರವಾಸಿ ಕೊಡುವ ಶುಲ್ಕ 1,500 ಡಾಲರ್. ಉದ್ಯಾನದ ಪ್ರವಾಸೋದ್ಯಮದ ಆದಾಯದಲ್ಲಿ ಶೇ 10 ಸುತ್ತಲಿನ ಹಳ್ಳಿಗಳ ಶಾಲೆ, ನೀರು, ಆಸ್ಪತ್ರೆಗೆ ಹೋಗುತ್ತದೆ. ಈ ಹಣವೇ ಅಪಾಯವನ್ನೂ ಹೊತ್ತು ತರುತ್ತದೆ. 2009ರಲ್ಲಿ ರುವಾಂಡಾದ ಒಂದು ಗುಂಪಿಗೆ ಕೆಮ್ಮು ಹಬ್ಬಿ ಒಂದು ಹೆಣ್ಣು ಮತ್ತು ಒಂದು ಹಸುಗೂಸು ಸತ್ತವು. ಸಿಕ್ಕಿದ್ದು ಮನುಷ್ಯರ ವೈರಾಣು. ಏಳು ಮೀಟರ್ ದೂರ ನಿಲ್ಲಬೇಕೆಂಬ ನಿಯಮ ಕೋವಿಡ್ ಕಾಲದಲ್ಲಿ ಹತ್ತು ಮೀಟರಿಗೆ ಏರಿತು. ಆದರೆ ಪ್ರವಾಸಿಗರು ಅಂತರ್ಜಾಲದಲ್ಲಿ ಹಾಕಿಕೊಂಡ ನೂರಾರು ಚಿತ್ರಗಳನ್ನು ಪರಿಶೀಲಿಸಿದವರಿಗೆ ಹೆಚ್ಚಿನವು ನಾಲ್ಕು ಮೀಟರ್‌ಗಿಂತಲೂ ಹತ್ತಿರದವು ಎಂದು ಕಂಡಿತು. ಅಷ್ಟು ದೂರದಿಂದ ಹಾರಿ ಬಂದವರಿಗೆ ಮೊಬೈಲ್ ಹಿಡಿದು ಇನ್ನೆರಡು ಹೆಜ್ಜೆ ಮುಂದಿಡುವ ಆಸೆ ತಡೆಯುವುದಿಲ್ಲ.

ಈಗ ಆ ಬೆಟ್ಟಗಳಲ್ಲಿ ಪರಿಸರ ತನ್ನ ಮಿತಿಯನ್ನು ಹೇಳತೊಡಗಿದೆ. ಕರಿಸೋಕೆಯ ಸುತ್ತ ಗುಂಪುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ಗುಂಪು ಎದುರಾಗುವುದೂ ಹೆಚ್ಚಿತು. ಎದುರಾದಾಗ ಬೆಳ್ಳಿಬೆನ್ನಿನ ಗಂಡುಗಳು ಕಾದಾಡುತ್ತವೆ. ಒಂದು ಯಜಮಾನ ಸತ್ತರೆ ಅದರ ಗುಂಪಿನ ಹಾಲುಗೂಸುಗಳನ್ನು ಬೇರೆ ಗಂಡುಗಳು ಕೊಲ್ಲುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೇವಿಗೇನೂ ಕೊರತೆಯಾಗದಿದ್ದರೂ ಈ ಕಾದಾಟಗಳಿಂದಲೇ ಅಲ್ಲಿ ಬೆಳವಣಿಗೆ ಕುಂಠಿತವಾಯಿತು. ಅರ್ಧ ಶತಮಾನದ ಹಿಂದೆ ಪೈರಿಥ್ರಮ್‌ಗೆ ಬಿಟ್ಟುಕೊಟ್ಟ ನೆಲದ ಸಾಲವನ್ನು ಆ ಮರಿಗಳು ತೀರಿಸುತ್ತಿವೆ. ರುವಾಂಡಾ ಈಗ ಉದ್ಯಾನವನ್ನು ಸುಮಾರು 37 ಚದರ ಕಿಲೋಮೀಟರ್ ವಿಸ್ತರಿಸಲು ಹೊರಟಿದೆ. ಅದಕ್ಕಾಗಿ ಸಾವಿರಾರು ರೈತ ಕುಟುಂಬಗಳು ಎದ್ದು ಹೋಗಬೇಕು. ಅವರಿಗೆ ಸಿಗುವ ಮನೆ, ನೆಲ, ಕೂಲಿ ಹೇಗಿರುತ್ತವೆ ಎಂಬುದನ್ನು ನೋಡಿದ ಮೇಲೆಯೇ ಇದನ್ನು ಗೊರಿಲ್ಲಾಗಳ ಗೆಲುವು ಎನ್ನಬಹುದು.

ಹಣ್ಣಾಗದ ಮರಗಳು

ಕಾವಲುಗಾರ ತಡೆಯಲಾರದ ಸಂಗತಿಯೊಂದಿದೆ. ಗ್ಯಾಬೊನ್ ದೇಶದ ಲೊಪೆ ಉದ್ಯಾನದಲ್ಲಿ 1980ರ ದಶಕದಿಂದ ತಿಂಗಳು ತಿಂಗಳೂ ಅದೇ ಮರಗಳ ಕೆಳಗೆ ನಿಂತು ಹೂವೆಷ್ಟು, ಕಾಯೆಷ್ಟು, ಹಣ್ಣೆಷ್ಟು ಎಂದು ಬರೆದಿಡುತ್ತಾ ಬಂದಿದ್ದಾರೆ. 1986ರಿಂದ 2018ರೊಳಗೆ ಅಲ್ಲಿ ಮಾಗಿದ ಹಣ್ಣು ಸಿಗುವ ಸಾಧ್ಯತೆ ಶೇ 81ರಷ್ಟು ಕುಸಿಯಿತು. ಮೊದಲು ಹತ್ತು ಮರ ನೋಡಿದರೆ ಒಂದರಲ್ಲಿ ಹಣ್ಣು, ಈಗ ಐವತ್ತು ನೋಡಬೇಕು. ನಮ್ಮ ಮಾವಿಗೆ ಮಾಗಿಯ ಚಳಿ ತಗಲದಿದ್ದರೆ ಹೂವು ಸರಿಯಾಗಿ ಬಿಡುವುದಿಲ್ಲವಲ್ಲ, ಹಾಗೆಯೇ ಲೊಪೆಯ ಕೆಲವು ಜಾತಿಯ ಮರಗಳಿಗೆ ರಾತ್ರಿಯ ಉಷ್ಣಾಂಶ 19 ಡಿಗ್ರಿಗಿಂತ ಕೆಳಗಿಳಿಯಬೇಕು. ರಾತ್ರಿಗಳು ಬಿಸಿಯಾಗುತ್ತಿವೆ. ಅಲ್ಲಿನ ಕಾಡಾನೆಗಳು ಬಡಕಲಾಗಿರುವುದನ್ನು ಅದೇ ಅಧ್ಯಯನ ಅಳೆದು ತೋರಿಸಿದೆ. ಹಣ್ಣಿಲ್ಲದಾಗ ಗೊರಿಲ್ಲಾ ಎಲೆ, ದಂಟು ತಿಂದು ಸುಧಾರಿಸಿಕೊಳ್ಳಬಲ್ಲದು; ಹಣ್ಣನ್ನೇ ನೆಚ್ಚಿದ ಚಿಂಪಾಂಜಿಗೆ ಆ ಅನುಕೂಲ ಕಡಿಮೆ. ಕಾಡು ಹಸಿರಾಗಿಯೇ ಇದ್ದು ಬಂಜೆಯಾಗುವುದು ಎಂದರೆ ಇದೇ. ಅದಕ್ಕೆ ಕಾರಣವಾದ ಹೊಗೆ ಗ್ಯಾಬೊನಿನ ಹಳ್ಳಿಯದಲ್ಲ.

ಅಳಿಯುವುದು ಸಂಖ್ಯೆ ಮಾತ್ರವೂ ಅಲ್ಲ. ಗಿನಿ ದೇಶದ ಬೊಸ್ಸೂ ಎಂಬ ಹಳ್ಳಿಯ ಜನ ಅಲ್ಲಿನ ಗುಡ್ಡದ ಚಿಂಪಾಂಜಿಗಳನ್ನು ತಮ್ಮ ಪೂರ್ವಜರೊಂದಿಗೆ ನಂಟುಳ್ಳವು ಎಂದು ಭಾವಿಸಿ ಎಂದೂ ಕೊಂದವರಲ್ಲ. ಒಂದು ಕಲ್ಲನ್ನು ಅಡಿಗಲ್ಲು ಮಾಡಿ ಇನ್ನೊಂದರಿಂದ ಜಜ್ಜಿ ತಾಳೆಯ ಬೀಜ ಒಡೆಯುವುದು ಆ ಚಿಂಪಾಂಜಿಗಳ ಮನೆತನದ ವಿದ್ಯೆ, ತಾಯಿಯಿಂದ ಮಗುವಿಗೆ ಬರುವಂಥದ್ದು. 2003ರಲ್ಲಿ ಬಂದ ಕೆಮ್ಮು ಐದನ್ನು ಕೊಂಡೊಯ್ದಿತು. ಸುತ್ತಲಿನ ಹೊಲಗಳು ಬೇರೆ ಕಾಡಿನೊಂದಿಗೆ ಸಂಪರ್ಕ ಕಡಿದಿದ್ದರಿಂದ ಹೊಸ ಹೆಣ್ಣುಗಳು ಬರಲಿಲ್ಲ, ಇಪ್ಪತ್ತರಷ್ಟಿದ್ದ ಗುಂಪು ಹತ್ತಕ್ಕಿಂತ ಕೆಳಗಿಳಿಯಿತು. ಕೊಲ್ಲದಿದ್ದರೂ ಸಾಲದು ಎಂಬುದಕ್ಕೆ ಬೊಸ್ಸೂ ಸಾಕ್ಷಿ. ಆಫ್ರಿಕಾದ 144 ಚಿಂಪಾಂಜಿ ಸಮುದಾಯಗಳನ್ನು ಹೋಲಿಸಿದ 2019ರ ಅಧ್ಯಯನವೊಂದು, ಮನುಷ್ಯರ ಒತ್ತಡ ಅತಿ ಹೆಚ್ಚಿರುವ ಕಡೆ ಇಂಥ ಕಲಿತ ನಡವಳಿಕೆಗಳು ಕಾಣಸಿಗುವ ಸಾಧ್ಯತೆ ಶೇ 88ರಷ್ಟು ಕಡಿಮೆ ಎಂದು ಕಂಡುಕೊಂಡಿತು.

ಸದ್ಯದ ಆತಂಕ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವ ಭಾಗದ್ದು. ಅಲ್ಲಿನ ಗ್ರೌವರ್ ಗೊರಿಲ್ಲಾಗಳು 1990ರ ದಶಕದ ನಡುವಿನಲ್ಲಿ ಸುಮಾರು 16,900 ಇದ್ದವು, ಈಗಿನ ಅಂದಾಜು 6,800. ಯುದ್ಧದ ಗದ್ದಲದಲ್ಲಿ ಕಾಡಿನೊಳಗೆ ಕೋಲ್ಟಾನ್ ಅದಿರಿನ ಗಣಿಗಳೆದ್ದವು, ಗಣಿಯವರ ಊಟಕ್ಕೆ ಕಾಡಿನ ಮಾಂಸವೇ ಗತಿಯಾಯಿತು. ಆ ಅದಿರಿನಿಂದ ಬರುವ ಲೋಹ ನಮ್ಮ ಕೈಯಲ್ಲಿರುವ ಮೊಬೈಲ್‌ಗಳ ಬಿಡಿಭಾಗಗಳಿಗೆ ಬೇಕು. 2025ರ ಜನವರಿಯಲ್ಲಿ ಗೋಮಾ, ಫೆಬ್ರುವರಿಯಲ್ಲಿ ಬುಕಾವು ನಗರಗಳು ಎಂ23 ಬಂಡುಕೋರರ ಕೈಸೇರಿದವು. ಅದೇ ವರ್ಷ, ಮಧ್ಯ ಆಫ್ರಿಕಾದ ಕಾಡುಗಳ ರಕ್ಷಣೆಗೆ ದಶಕಗಳಿಂದ ಹಣ ಕೊಡುತ್ತಿದ್ದ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಬಾಗಿಲು ಮುಚ್ಚಿತು. ಕಾವಲುಗಾರನ ಸಂಬಳ ನಿಂತರೆ ವೈರಾಣುವಿನಂತೆ ಸದ್ದಿಲ್ಲದೆ ಏನಾಗುತ್ತದೆ ಎಂಬುದು ಮುಂದಿನ ಗೂಡಿನ ಗಣತಿಯಲ್ಲಿ ಗೊತ್ತಾಗುತ್ತದೆ, ಆ ಗಣತಿಗೆ ಹಣ ಸಿಕ್ಕರೆ.

ಲೊಸಿಯ ಸುತ್ತಲಿನ ಕಾಡು ಈಗಲೂ ಇದೆ. 2004ರಲ್ಲಿ ಅಲ್ಲಿ ಒಂದು ಹೆಣ್ಣುಮರಿ ಎಬೋಲಾದಿಂದ ಪಾರಾಗಿ ಉಳಿದಿತ್ತು ಎಂದುಕೊಳ್ಳೋಣ. ಬೆಳೆದು, ಬೇರೆ ಗುಂಪು ಸೇರಿ, ಮೊದಲ ಮರಿ ಹಾಕುವಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ. ಎಲ್ಲವೂ ನೆಟ್ಟಗಿದ್ದರೆ, ಉರುಳು, ಗುಂಡು, ಕೆಮ್ಮು ಯಾವುದೂ ತಗಲದಿದ್ದರೆ, ಅದರ ಮೂರನೆಯ ಮರಿ ಈಗ ಬೆನ್ನ ಮೇಲೆ ಕೂತಿರಬೇಕು.